ರಿಕವರಿ ರೂಮಿನ ಗದ್ದಲ: ಸಿಸ್ಟರ್‌ಗಳಿಗೆ ತಲೆನೋವು, ಅಲಾರಂ ಕಡೆ ಲಕ್ಷ್ಯ ಕಡಿಮೆ. ಎಲ್ಲಿಂದ ಶುರು ಮಾಡಬೇಕು?

ರಿಕವರಿ ಇನ್‌ಚಾರ್ಜ್, ಹುಬ್ಬಳ್ಳಿ

ನಮಸ್ಕಾರ್ರಿ. ಓಟಿ (ಆಪರೇಷನ್ ಥಿಯೇಟರ್) ಬಾಜೂಕ ಆರು ಬೆಡ್ಡಿನ ರಿಕವರಿ ರೂಮ್ ಅದ, ಆಪರೇಷನ್ ಆದವರನ್ನ ಎಚ್ಚರ ಆಗೋತನ ಇಲ್ಲೇ ಇಡ್ತೀವಿ. 10 ಮೀಟರ್ ಉದ್ದ, 8 ಅಗಲ, 3 ಎತ್ತರ. ನೆಲಕ್ಕೂ ಗೋಡಿಗೂ ಟೈಲ್ಸ್, ಮ್ಯಾಲೆ ಬರೇ ಪ್ಲಾಸ್ಟರ್. ಒಂದು ಕಿಟಕಿ ಪಿ.ಬಿ. ರೋಡಿನ ಕಡೆ. ಮಧ್ಯಾಹ್ನ ಕೇಸ್ ಒಂದರ ಹಿಂದೊಂದು ಬರೋ ಹೊತ್ತಿನ್ಯಾಗ ಮೊಬೈಲ್ ಆ್ಯಪ್ 65–70 ಡೆಸಿಬಲ್ ತೋರಸ್ತದ, ಸ್ಟೀಲ್ ಟ್ರೇ ಬಿದ್ರ 85 ದಾಟ್ತದ. ಡ್ಯೂಟಿ ಮುಗಿಯೋದ್ರಾಗ ಸಿಸ್ಟರ್‌ಗಳಿಗೆ ತಲಿ ಸಿಡೀತದ, ಹ್ಯಾಂಡೋವರ್ (ಓಟಿಯವರು ರೋಗಿನ್ನ ಒಪ್ಪಸೋವಾಗ ಹೇಳೋ ವಿವರ) ಎರಡೆರಡು ಸಲ ಕೇಳಬೇಕಾಗ್ತದ. ಅಲಾರಂ ಹೊಡದ್ರೂ ಯಾರೂ ಲಗೂನ ತಿರುಗಿ ನೋಡೂದಿಲ್ಲ, ನನಗ ಅದs ದೊಡ್ಡ ಚಿಂತಿ. ಇಯರ್‌ಪ್ಲಗ್ ಕೊಡಬಹುದಾ? ಕಿವಿ ಹಾಳಾಗ್ತಾವೇನು? ಮ್ಯಾನೇಜ್‌ಮೆಂಟಿಗೆ ಏನು ಕೇಳಬೇಕು?

ಅರಿವಳಿಕೆ ವೈದ್ಯ, ಗದಗ

ಕಿವಿಯ ಚಿಂತೆ ಬಿಡಿ. ದಿನಕ್ಕೆ 8 ತಾಸು, ಸರಾಸರಿ 85 ಡೆಸಿಬಲ್ ಮುಟ್ಟಿದರೆ ಕಿವಿಗೆ ಅಪಾಯ. ನಿಮ್ಮದು ಅದಕ್ಕಿಂತ ಬಹಳ ಕೆಳಗೆ. ಪೆಟ್ಟು ಬೀಳುವುದು ಗಮನದ ಮೇಲೆ, ಮಾತಿನ ಮೇಲೆ. ಒಂದು ಮೀಟರ್ ದೂರದಿಂದ ಸಹಜವಾಗಿ ಆಡಿದ ಮಾತು ಸುಮಾರು 60 ಡೆಸಿಬಲ್. ಅದು ಸ್ಪಷ್ಟವಾಗಿ ಕೇಳಬೇಕಾದರೆ ಸುತ್ತಲಿನ ಸದ್ದು 15ರಷ್ಟು ಕೆಳಗಿರಬೇಕು. ನಿಮ್ಮಲ್ಲಿ ಸದ್ದೇ ಮಾತಿಗಿಂತ ಮೇಲಿದೆ. ಹಾಗಾಗಿ ಎಲ್ಲರೂ ದನಿ ಏರಿಸುತ್ತಾರೆ, ಏರಿಸಿದ ದನಿಯೂ ಗದ್ದಲಕ್ಕೇ ಸೇರುತ್ತದೆ.

ಹ್ಯಾಂಡೋವರ್‌ನಲ್ಲಿ ತಪ್ಪುವುದು ಹೆಚ್ಚಾಗಿ ಅಂಕಿ. ಫಿಫ್ಟೀನ್–ಫಿಫ್ಟಿ ಗದ್ದಲದಲ್ಲಿ ಒಂದೇ ಥರ ಕೇಳುತ್ತವೆ. ಕನ್ನಡದಲ್ಲಿ ಹದಿನೈದು, ಐವತ್ತು ಎಂದರೆ ಆ ಗೊಂದಲವಿಲ್ಲ, ಡೋಸ್ ಹೇಳುವಾಗ ಕನ್ನಡದಲ್ಲೂ ಒಮ್ಮೆ ಹೇಳಿ. ಆದರೆ ಎಂಬತ್ತು–ತೊಂಬತ್ತು ಕಿವಿಗೆ ತೀರಾ ಹತ್ತಿರ. ಸ್ಯಾಚುರೇಷನ್‌ನಲ್ಲಿ (ರಕ್ತದ ಆಕ್ಸಿಜನ್ ಶೇಕಡಾ ಎಷ್ಟು ಎಂಬ ಅಂಕಿ) ಆ ಎರಡರ ನಡುವೆ ರೋಗಿಯ ಜೀವವೇ ಇದೆ. ಅಲ್ಲಿ ‘ಏಟ್ ಝೀರೋ’, ‘ನೈನ್ ಝೀರೋ’ ಎಂದು ಬಿಡಿ ಅಂಕಿ ಹೇಳಲಿ. ಡೋಪಮೈನ್–ಡೊಬುಟಮೈನ್, ಎಫಿಡ್ರಿನ್–ಎಪಿನೆಫ್ರಿನ್ ಥರ ಹೆಸರು ಒಂದೇ ರೀತಿ ಕೇಳುವ ಔಷಧ ಇದ್ದಲ್ಲಿ ಸಿರಿಂಜಿನ ಲೇಬಲ್ ತೋರಿಸಿಯೇ ಹೇಳಬೇಕು. ಕೇಳಿಸಿಕೊಂಡವರು ತಿರುಗಿ ಹೇಳಬೇಕು. ಕ್ರಮ ಹೀಗಿರಲಿ: ಮೊದಲು ಆಕ್ಸಿಜನ್, ಬೆರಳಿಗೆ ಸ್ಯಾಚುರೇಷನ್ ಅಳೆಯುವ ಪ್ರೋಬ್, ತೋಳಿಗೆ ಬಿಪಿ ಕಫ್ ಹಾಕಿ, ರೀಡಿಂಗ್ ಬಂದ ಮೇಲೆ ಮಾತು. ಕೈ ಕೆಲಸದಲ್ಲಿದ್ದಾಗ ಹೇಳಿದ್ದು ನಿಲ್ಲುವುದಿಲ್ಲ. ಆ ಒಂದು ನಿಮಿಷ ಹೇಳುವವರನ್ನು, ಕೇಳುವವರನ್ನು ಬೇರೆ ಯಾರೂ ಮಾತಾಡಿಸಬಾರದು.

ಇಯರ್‌ಪ್ಲಗ್ ಬೇಡವೇ ಬೇಡ. ನಾಲಿಗೆ ಹಿಂದೆ ಬಿದ್ದ ಗೊರಕೆ, ಗಂಟಲು ಬಿಗಿದಾಗಿನ ಕೀರಲು ಉಸಿರು ಇವನ್ನು ಹಿಡಿಯುವುದೇ ಕಿವಿ. ಗಂಟಲು ಪೂರ್ತಿ ಮುಚ್ಚಿದರಂತೂ ಸದ್ದೇ ಇರುವುದಿಲ್ಲ. ಎದೆ ಏಳುತ್ತದೆ, ಗಾಳಿ ಹೋಗುವುದಿಲ್ಲ. ಆ ಮೌನ ಗೊತ್ತಾಗಬೇಕಾದರೆ ರೂಮು ಶಾಂತವಾಗಿರಬೇಕು. ಸ್ಯಾಚುರೇಷನ್ ಇಳಿದಂತೆ ನಾಡಿಯ ಬೀಪ್ ಸ್ವರವೂ ಇಳಿಯುತ್ತದೆ, ಆದರೆ ಆರು ಬೆಡ್ಡಿನ ಬೀಪ್ ಒಟ್ಟಿಗೆ ಬಂದರೆ ಯಾರದ್ದು ಇಳಿಯಿತೋ ತಿಳಿಯದು. ಆಗಷ್ಟೇ ಬಂದವರದ್ದು, ಇನ್ನೂ ಪೂರ್ತಿ ಎಚ್ಚರವಾಗದವರದ್ದು ಮಾತ್ರ ಬೀಪ್ ಇಡಿ. ಉಳಿದವರ ಬೀಪ್ ಬಂದ್, ಅಲಾರಂ ಮಾತ್ರ ಚಾಲೂ.

ಬಯೋಮೆಡಿಕಲ್, ಧಾರವಾಡ

ಅಲಾರಂಗೆ ತಿರುಗಿ ನೋಡದಿರುವುದು ಸಿಸ್ಟರ್‌ಗಳ ಸೋಮಾರಿತನ ಅಲ್ಲ, ದಯವಿಟ್ಟು ಅವರನ್ನು ಬೈಯಬೇಡಿ. ಹೊಡೆಯುವುದರಲ್ಲಿ ಹೆಚ್ಚಿನವು ಸುಳ್ಳಾದರೆ ಮಿದುಳು ತಾನೇ ಕಿವಿ ಮುಚ್ಚಿಕೊಳ್ಳುತ್ತದೆ. ಸುಳ್ಳು ಅಲಾರಂ ಇಳಿಸುವುದೇ ಮೊದಲ ಕೆಲಸ, ಅದಕ್ಕೆ ರೊಕ್ಕ ಬೇಕಿಲ್ಲ.

ಎಲ್ಲ ಕಡೆ ಕಾಣುವ ತಪ್ಪು: ಸ್ಯಾಚುರೇಷನ್ ಪ್ರೋಬ್ ಮತ್ತು ಬಿಪಿ ಕಫ್ ಒಂದೇ ಕೈಗೆ. ಕಫ್ ಉಬ್ಬಿದಾಗಲೆಲ್ಲ ಬೆರಳಿಗೆ ರಕ್ತ ನಿಲ್ಲುತ್ತದೆ, ಸಿಗ್ನಲ್ ಹೋಗುತ್ತದೆ. 5 ನಿಮಿಷಕ್ಕೊಮ್ಮೆ ಬಿಪಿ ಇಟ್ಟಿದ್ದರೆ ಒಂದೇ ರೋಗಿಯಿಂದ ತಾಸಿಗೆ 12 ಸುಳ್ಳು ಅಲಾರಂ. ಎರಡನ್ನೂ ಬೇರೆ ಬೇರೆ ಕೈಗೆ ಹಾಕಿ. ಓಟಿಯಿಂದ ಕೈ ತಣ್ಣಗಾಗಿ ಬಂದಿದ್ದರೆ ಮೊದಲು ಹೊದಿಸಿ ಬೆಚ್ಚಗೆ ಮಾಡಿ. ನೇಲ್ ಪಾಲಿಶ್ ಇದ್ದರೆ ತೆಗೆಯಿರಿ, ದಟ್ಟ ಮೆಹೆಂದಿ ಇದ್ದು ರೀಡಿಂಗ್ ಸರಿ ಬರದಿದ್ದರೆ ಕಿವಿಯ ಪ್ರೋಬ್ ಬಳಸಿ.

ಇಸಿಜಿ ಎಲೆಕ್ಟ್ರೋಡ್ ಪಾಕೀಟು ಒಡೆದಿಟ್ಟರೆ ಜೆಲ್ ಒಣಗುತ್ತದೆ. ಬೇಕಾದಷ್ಟೇ ತೆಗೆದು ಪಾಕೀಟಿನ ಬಾಯಿ ಮಡಚಿಡಿ. ಬೆವರು ಒರೆಸಿ, ಒಣ ಗಾಜ್ ಬಟ್ಟೆಯಿಂದ ಚರ್ಮ ತುಸು ಉಜ್ಜಿ ಅಂಟಿಸಿ. ಸ್ಪಿರಿಟ್ ಹಚ್ಚಿದರೆ ಪೂರ್ತಿ ಆರಿದ ಮೇಲೆಯೇ.

ಸ್ಯಾಚುರೇಷನ್ ಅಲಾರಂನ ಕೆಳಮಿತಿ 90ಕ್ಕಿಂತ ಇಳಿಸಲು ಹೋಗಬೇಡಿ. ಅದರ ಬದಲು ಮಾನಿಟರ್‌ನಲ್ಲಿ ಅಲಾರಂ ವಿಳಂಬ ಇದ್ದರೆ 10 ಸೆಕೆಂಡ್ ಇಡಬಹುದೇ ಎಂದು ಅರಿವಳಿಕೆ ವೈದ್ಯರನ್ನು ಕೇಳಿ, ಅವರ ಸಹಿ ಪಡೆದು ಬದಲಿಸಿ. ಕೈ ಅಲುಗಿದಾಗಿನ ಇಳಿತ ಅಷ್ಟರಲ್ಲಿ ಸರಿಹೋಗುತ್ತದೆ. ಉಸಿರು ನಿಂತ ಅಲಾರಂ ಮಾತ್ರ ಮುಟ್ಟಬಾರದು. ರೋಗಿಯನ್ನು ವಾರ್ಡಿಗೆ ಕಳಿಸುವಾಗ ಮೊದಲು ಮಾನಿಟರ್‌ನ ಸ್ಟ್ಯಾಂಡ್‌ಬೈ ಒತ್ತಿ, ಆಮೇಲೆ ಲೀಡ್ (ಮೈಗೆ ಹಾಕಿದ ವೈರ್) ತೆಗೆಯಿರಿ. ಈಗ ಉಲ್ಟಾ ನಡೆಯುತ್ತಿರುತ್ತದೆ, ಖಾಲಿ ಬೆಡ್ಡು ಕೂಗುತ್ತಿರುತ್ತದೆ. ಹಾಗೆಯೇ ಖಾಲಿ ಬೆಡ್ಡಿನ ಆಕ್ಸಿಜನ್ ಫ್ಲೋಮೀಟರ್, ಸಕ್ಷನ್ ಬಂದ್ ಮಾಡಿ. ಆ ಸುಸ್ ಸದ್ದು ಯಾರಿಗೂ ಗೊತ್ತಾಗದೆ ದಿನವಿಡೀ ಇರುತ್ತದೆ.

ಅಲಾರಂನ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ತುರ್ತಿನ ಅಲಾರಂ ಒಂದು ಸಲಕ್ಕೆ 10 ಬೀಪ್, ಮಧ್ಯಮದ್ದು 3, ಕೆಳಗಿನದ್ದು 1 ಅಥವಾ 2. ಹೊಸಬರಿಗೆ ಇದನ್ನು ಕೇಳಿಸಿ ಕಲಿಸಿ.

ಕಟ್ಟಡ ಅಕೌಸ್ಟಿಕ್ಸ್, ಹಾವೇರಿ

ಮ್ಯಾನೇಜ್‌ಮೆಂಟಿಗೆ ಕೇಳಬೇಕಾದ್ದು ಫಾಲ್ಸ್ ಸೀಲಿಂಗ್. ಲೆಕ್ಕ ಸಮೇತ ಕೇಳಿ. ರೂಮಿನ ಗಾತ್ರ 240 ಘನ ಮೀಟರ್, ಒಳಮೈ ಒಟ್ಟು 268 ಚದರ ಮೀಟರ್. ಟೈಲ್ಸ್, ಪ್ಲಾಸ್ಟರ್ ಸದ್ದನ್ನು ಹೀರುವುದು ಹೆಚ್ಚೆಂದರೆ 0.05 ಪಾಲು, ಅಂದರೆ 268ಕ್ಕೆ ಒಟ್ಟು ಹೀರುವಿಕೆ 13.4. ಸದ್ದು ಅಡಗುವ ಸಮಯ 0.161 × 240 ÷ 13.4, ಸುಮಾರು 2.9 ಸೆಕೆಂಡ್. ಮೇಲಿನ 80 ಚದರ ಮೀಟರ್‌ಗೆ 0.7 ಹೀರುವ ಮಿನರಲ್ ಫೈಬರ್ ಟೈಲ್ ಹಾಕಿದರೆ ಹೀರುವಿಕೆ 65.4, ಸಮಯ 0.6 ಸೆಕೆಂಡ್. ಲೆಕ್ಕದಲ್ಲಿ 7 ಡೆಸಿಬಲ್ ಇಳಿಯುತ್ತದೆ; ಹಾಸಿಗೆ, ಜನ ಈಗಲೇ ಒಂದಿಷ್ಟು ಹೀರುತ್ತಿರುವುದರಿಂದ 5 ಎಂದು ಹಿಡಿಯಿರಿ. ಒರೆಸಿ ಸ್ವಚ್ಛ ಮಾಡಬಹುದಾದ, ಆಸ್ಪತ್ರೆಗೆಂದೇ ಮಾಡಿದ ಟೈಲ್ ಆಗಿರಲಿ. ಸ್ಟುಡಿಯೋದ ಮೊಟ್ಟೆ ಟ್ರೇ ಆಕಾರದ ಫೋಮ್ ಹಾಕಲು ಯಾರಾದರೂ ಬಂದರೆ ಒಪ್ಪಬೇಡಿ: ಧೂಳು ಹಿಡಿಯುತ್ತದೆ, ತೊಳೆಯಲಾಗದು, ಬೆಂಕಿ ಬೇಗ ಹತ್ತುತ್ತದೆ. ಎಸಿ ಡಕ್ಟಿನ ನೀರು ಜಿನುಗುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ, ಇಲ್ಲದಿದ್ದರೆ ಟೈಲ್ ಜೋತು ಬಿದ್ದು ಬೂಷ್ಟು ಬರುತ್ತದೆ.

ರಸ್ತೆಯ ಕಿಟಕಿಗೆ ಮೊದಲು ಚೌಕಟ್ಟಿನ ಸಂದಿಗೆ ರಬ್ಬರ್ ಗ್ಯಾಸ್ಕೆಟ್. ಸಂದಿ ಬಿಟ್ಟು ಗಾಜು ದಪ್ಪ ಮಾಡಿದರೆ ಉಪಯೋಗವಿಲ್ಲ. ಶಾಂತ ವಲಯವೆಂದು ಘೋಷಿಸಿದ ಕಡೆ ಆಸ್ಪತ್ರೆಯ ಸುತ್ತ 100 ಮೀಟರ್ ಒಳಗೆ ಮಿತಿ ಹಗಲು 50, ರಾತ್ರಿ 40 ಡೆಸಿಬಲ್. ಟ್ರಾಲಿಗೆ ಪಾಲಿಯುರೆಥೇನ್ ಗಾಲಿ, ಟ್ರೇ ಕೆಳಗೆ ಸಿಲಿಕೋನ್ ಹಾಸು, ಪೆಡಲ್ ಡಬ್ಬಿಯ ಮುಚ್ಚಳಕ್ಕೆ ರಬ್ಬರ್ ಗುಂಡಿ. ಅಳೆಯುವಾಗ ಅದೇ ಮೊಬೈಲ್, ಅದೇ ಜಾಗ, ದಿಂಬಿನ ಎತ್ತರ, ಗೋಡೆಯಿಂದ ಒಂದು ಮೀಟರ್ ದೂರ, 15 ನಿಮಿಷದ ಸರಾಸರಿ. ಮೊಬೈಲಿನ ಅಂಕಿ ಪಕ್ಕಾ ಅಲ್ಲ, ಆದರೆ ಮೊದಲು–ಆಮೇಲೆ ಹೋಲಿಸಲು ಸಾಕು.

ರಿಕವರಿ ಇನ್‌ಚಾರ್ಜ್, ಹುಬ್ಬಳ್ಳಿ

ಭಾಳ ಉಪಕಾರ ಆತ್ರಿ. ಪ್ರೋಬು, ಕಫ್ಫು ಒಂದs ಕೈಗೆ ಅದಾವ, ನಾಳೆನ ಬದಲಿ ಮಾಡಸ್ತೀನಿ. ಓಟಿ ಕಡೆ ಬಾಗಲಾ ಧಡ್ ಅಂತ ಬಡೀತದ, ಕೆಳಗ ಬಾಗಲಾ ತಾನs ಮುಚ್ಚಸೋ ಫ್ಲೋರ್ ಸ್ಪ್ರಿಂಗ್ ಅದ. ಅದಕ್ಕೇನರ ಉಪಾಯ ಅದ ಏನು?

ಕಟ್ಟಡ ಅಕೌಸ್ಟಿಕ್ಸ್, ಹಾವೇರಿ

ನೆಲದ ಕವರ್ ಪ್ಲೇಟ್ ತೆಗೆದರೆ ವೇಗ ಹೊಂದಿಸುವ ಸ್ಕ್ರೂ ಕಾಣುತ್ತದೆ. ಕಾಲು ಸುತ್ತು ಬಿಗಿ ಮಾಡಿ ಬಾಗಿಲು ಬಿಟ್ಟು ನೋಡಿ, ಸಾಲದಿದ್ದರೆ ಇನ್ನೊಂದು ಕಾಲು ಸುತ್ತು. ಬಿಚ್ಚುವ ಕಡೆ ಜಾಸ್ತಿ ತಿರುಗಿಸಿದರೆ ಎಣ್ಣೆ ಸೋರುತ್ತದೆ. ಈಗಾಗಲೇ ಎಣ್ಣೆ ಸೋರಿದ್ದರೆ ಹೊಂದಿಸಿ ಪ್ರಯೋಜನವಿಲ್ಲ, ಸ್ಪ್ರಿಂಗ್ ಬದಲಿಸಬೇಕು.