ಸಾದಾ ಲೇಥ್‌ನಿಂದ ಸಿಎನ್‌ಸಿಗೆ: ಮೊದಲು ಏನು ಕಲಿಯಬೇಕು?

ಪೀಣ್ಯ ಟರ್ನರ್:
ಐಟಿಐ ಟರ್ನರ್, ಸಾದಾ ಲೇಥ್ (ಲೋಹದ ತುಂಡು ತಿರುಗಿಸಿ ಕಡಿಯೋ, ಕೈಯಲ್ಲಿ ನಡೆಸೋ ಮಷಿನ್) ಕೆಲಸ. ಈಗ ಎಲ್ಲಿ ಕೆಲಸ ಕೇಳಿದ್ರೂ ‘ಸಿಎನ್‌ಸಿ ಬರುತ್ತಾ?’ ಅಂತಾರೆ, ಅಂದ್ರೆ ಕಂಪ್ಯೂಟರ್ ಪ್ರೋಗ್ರಾಂನಿಂದ ಓಡೋ ಮಷಿನ್. ಕ್ಯಾಡ್-ಕ್ಯಾಮ್ (ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್, ಪ್ರೋಗ್ರಾಂ ಮಾಡೋ) ಕೋರ್ಸ್ ಸೇರಲಾ? ಇಂಗ್ಲಿಷ್ ಅಷ್ಟಕ್ಕಷ್ಟೆ.

ಸೆಟ್ಟರ್ಅಣ್ಣ:
ಕ್ಯಾಮ್ ಈಗ ಬೇಡ. ಅದು ಹೆಚ್ಚು ಬೇಕಾಗೋದು ವಿಎಂಸಿ (ಟೂಲ್ ತಿರುಗಿ ಕಡಿಯೋ ಮಿಲ್ಲಿಂಗ್ ಮಷಿನ್), ಡೈ-ಮೋಲ್ಡ್ (ಅಚ್ಚು) ಕೆಲಸಕ್ಕೆ. ಸಾಮಾನ್ಯ ಟರ್ನಿಂಗ್ ಜಾಬ್‌ಗೆ (ಲೇಥ್‌ನಲ್ಲಿ ಕಡಿಯೋ ತುಂಡಿಗೆ) ಮಷಿನ್ ಮುಂದೆ ನಿಂತೇ ಪ್ರೋಗ್ರಾಂ ಬರೀಬಹುದು. ಇಂಗ್ಲಿಷ್ ಚಿಂತೆ ಬಿಡಿ, ಕಲಿಯೋಕಿರೋದು ಕೋಡ್‌ಗಳು.

ಆದ್ರೆ ಜಾಬ್ ಹಾಕಿ ತೆಗೆಯೋ ಆಪರೇಟರ್ ಆಗಿ ನಿಂತುಬಿಡಬೇಡಿ. ಆ ಕೆಲಸಾನ ಬಾರ್ ಫೀಡರ್, ಗ್ಯಾಂಟ್ರಿ ಲೋಡರ್ ಅನ್ನೋ ಯಂತ್ರಗಳೇ ಮಾಡ್ತವೆ. ಸೆಟ್ಟರ್ (ಟೂಲ್, ಅಳತೆ ಹೊಂದಿಸಿ ಮಷಿನ್ ಸಿದ್ಧ ಮಾಡೋನು) ಆಗೋದೇ ಗುರಿ ಇರ್ಲಿ.

ಫ್ಯಾನಕ್ ಕಂಪನಿಯ ಕಂಟ್ರೋಲ್‌ನಿಂದ (ಮಷಿನ್ ನಡೆಸೋ ಕಂಪ್ಯೂಟರ್) ಶುರು ಮಾಡಿ. ಟೂಲ್ ಚಲಿಸೋ ಕೋಡ್‌ಗಳಾದ ಜಿ00, ಜಿ01, ಜಿ02, ಜಿ03 ಕೈಗೆ ಹತ್ತಿದ ಮೇಲೆ ರಫಿಂಗ್‌ಗೆ (ಒರಟು ಕಡಿತ) ಜಿ71, ಫಿನಿಶಿಂಗ್‌ಗೆ (ಕೊನೆಯ ನಯ ಕಡಿತ) ಜಿ70, ಥ್ರೆಡ್‌ಗೆ ಜಿ76. ಹೊಸಬರು ಎಡವೋದು ಜಿ96ರಲ್ಲಿ, ಅದು ಕಟಿಂಗ್ ಸ್ಪೀಡ್ ಒಂದೇ ಇಡೋ ಕೋಡ್. ಜಿ96 ಎಸ್150 ಅಂದ್ರೆ ಕಟಿಂಗ್ ಸ್ಪೀಡ್ ನಿಮಿಷಕ್ಕೆ 150 ಮೀಟರ್, 40 ಮಿ.ಮೀ. ವ್ಯಾಸಕ್ಕೆ ಸುಮಾರು 1,194 ಆರ್‌ಪಿಎಂ, 10ಕ್ಕೆ ಬಂದಾಗ 4,775. ಫೇಸಿಂಗ್‌ನಲ್ಲಿ (ಜಾಬ್‌ನ ತುದಿ ಸಮ ಮಾಡೋವಾಗ) ಸೆಂಟರ್ ಹತ್ರ ಹೋದಷ್ಟೂ ಏರುತ್ತೆ. ಮೊದಲೇ ಜಿ50 ಎಸ್2000 ಥರ ಆರ್‌ಪಿಎಂಗೆ ಮಿತಿ ಹಾಕದಿದ್ರೆ ಉದ್ದದ ಜಾಬ್ ಚಕ್‌ನಿಂದ (ಜಾಬ್ ಹಿಡಿಯೋ ಭಾಗ) ಹಾರೋ ಅಪಾಯ. ಡ್ರಿಲ್ಲಿಗೂ ಥ್ರೆಡ್ಡಿಗೂ ಜಿ97, ಅಂದ್ರೆ ಆರ್‌ಪಿಎಂ ಒಂದೇ ಇಡೋ ಕೋಡ್.

ಇನ್ನೊಂದು: ಎಕ್ಸ್50. ಅಂತ ಚುಕ್ಕಿ ಸೇರಿಸಿಯೇ ಬರೀರಿ, ಎಕ್ಸ್ ಅಂದ್ರೆ ಜಾಬ್‌ನ ವ್ಯಾಸ. ಚುಕ್ಕಿ ಬಿಟ್ರೆ ಹಲವು ಮಷಿನ್‌ಗಳು ಅದನ್ನ 50 ಮೈಕ್ರಾನ್ (0.050 ಮಿ.ಮೀ.) ಅಂತ ಓದ್ತವೆ, ಟೂಲ್ ನೇರ ಜಾಬ್‌ಗೆ ನುಗ್ಗುತ್ತೆ. ಹೊಸ ಪ್ರೋಗ್ರಾಂ ಅಂದ್ರೆ ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸೋದು), ರ‍್ಯಾಪಿಡ್ (ಖಾಲಿ ಓಟದ ವೇಗ) ಕಡಿಮೆ, ಕೈ ಫೀಡ್ ಹೋಲ್ಡ್ (ಟೂಲ್ ನಿಲ್ಲಿಸೋ ಬಟನ್) ಮೇಲೆ.

ಮಾಪನ:
ಕೋರ್ಸ್ ಬೇಕೇ ಬೇಕು ಅಂದ್ರೆ ಬೆಂಗಳೂರು ರಾಜಾಜಿನಗರದ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ) ವಿಚಾರಿಸಿ. ಎಲ್ಲೇ ಸೇರಿದ್ರೂ ಫೀಸ್‌ಗಿಂತ ಮೊದಲು ಎರಡು ಮಾತು ಕೇಳಿ: ಒಂದು ಮಷಿನ್‌ಗೆ ಎಷ್ಟು ಜನ? ಆಫ್‌ಸೆಟ್ (ಟೂಲ್ ಎಲ್ಲಿದೆ ಅಂತ ಮಷಿನ್‌ಗೆ ಹೇಳೋ ಅಳತೆ) ನನ್ನ ಕೈಲೇ ತೆಗೆಸ್ತೀರಾ? ಬರೀ ಸಿಮ್ಯುಲೇಟರ್ ಆದ್ರೆ ಆ ದುಡ್ಡು ದಂಡ, ಅದನ್ನ ಮನೇಲೇ ಕಲೀಬಹುದು.

ಲೇಥ್ ಅನುಭವ ಎಲ್ಲೂ ಹೋಗಲ್ಲ. ಚಿಪ್ (ಕಡಿದ ಚೂರು) ಬಣ್ಣ, ಚಾಟರ್ (ಟೂಲ್ ನಡುಗೋ) ಶಬ್ದ, ಸಾಫ್ಟ್ ಜಾ ಬೋರಿಂಗ್ (ಚಕ್‌ನ ಹಿಡಿತದ ತುಂಡನ್ನ ಜಾಬ್ ಅಳತೆಗೆ ಕಡಿಯೋದು) ಗೊತ್ತಿರೋ ಹುಡುಗರು ಕಮ್ಮಿ. ಬಯೋಡೇಟಾದಲ್ಲಿ ‘ಸಿಎನ್‌ಸಿ ಜ್ಞಾನ ಇದೆ’ ಅಂತ ಬರೀಬೇಡಿ; ಯಾವ ಕಂಟ್ರೋಲ್, ಯಾವ ಮೆಟೀರಿಯಲ್, ಎಷ್ಟು ಟಾಲರೆನ್ಸ್ (ಅಳತೆಯಲ್ಲಿ ಒಪ್ಪೋ ವ್ಯತ್ಯಾಸ) ಅಂತ ಬರೀರಿ.

ಪೀಣ್ಯ ಟರ್ನರ್:
ಥ್ಯಾಂಕ್ಸ್ ಅಣ್ಣ. ಕೆಲಸದ ಟ್ರಯಲ್‌ನಲ್ಲಿ 25 ಮಿ.ಮೀ. ಎಚ್7 ಶಾಫ್ಟ್ (ಸಣ್ಣ ಎಚ್, ಟಾಲರೆನ್ಸ್ ಗುರುತು) ಕೊಟ್ರು, ಅಳತೆ 25.040 ಬಂತು ಅಂದ್ಕೊಳ್ಳಿ. ವೇರ್ ಆಫ್‌ಸೆಟ್‌ಗೆ (ಅಳತೆಯ ಸಣ್ಣ ತಿದ್ದುಪಡಿ) ಏನು ಹಾಕೋದು?

ಸೆಟ್ಟರ್ಅಣ್ಣ:
ಅದರ ಮಿತಿ 25.000ರಿಂದ 24.979. ನಡುವೆ 24.990 ಹಿಡೀರಿ. ಆ ಟೂಲ್‌ನ ವೇರ್ ಎಕ್ಸ್‌ಗೆ -0.050 ಟೈಪ್ ಮಾಡಿ ಪ್ಲಸ್ ಇನ್‌ಪುಟ್ ಒತ್ತಿ. ಬರೀ ಇನ್‌ಪುಟ್ ಒತ್ತಿದ್ರೆ ಅಲ್ಲಿದ್ದ ಹಳೇ ಲೆಕ್ಕ ಅಳಿಸಿಹೋಗುತ್ತೆ. ಎಕ್ಸ್ ವ್ಯಾಸದ ಲೆಕ್ಕ, ಹ್ಯಾಂಡಲ್ ತಿರುಗಿಸಿದ ಅಭ್ಯಾಸದಲ್ಲಿ ಅರ್ಧ ಮಾಡಬೇಡಿ.

ಮಾಪನ:
ಬಿಸಿ ಜಾಬ್ ಅಳೀಬೇಡಿ. 20 ಡಿಗ್ರಿ ಹೆಚ್ಚು ಬಿಸಿ ಇದ್ರೆ 25 ಮಿ.ಮೀ. ಸ್ಟೀಲ್ ಸುಮಾರು 6 ಮೈಕ್ರಾನ್ ಉಬ್ಬಿರುತ್ತೆ; ಇರೋ ಟಾಲರೆನ್ಸೇ 21. ಎರಡು ತುದಿಯಲ್ಲೂ ಅಳೀರಿ. ಟೇಪರ್ (ಒಂದು ತುದಿ ದಪ್ಪ, ಇನ್ನೊಂದು ಸಣ್ಣ) ಇದ್ರೆ ಆಫ್‌ಸೆಟ್‌ನಿಂದ ಸರಿಹೋಗಲ್ಲ, ಟೇಲ್‌ಸ್ಟಾಕ್ (ಜಾಬ್‌ನ ಇನ್ನೊಂದು ತುದಿಗೆ ಆಧಾರ), ಜಾ ನೋಡಿ.