ದಂಪತಿಗೆ ದೊಡ್ಡ ಕ್ರೂಸ್ ಹಡಗು ಒಳ್ಳೆಯದೇ, ಚಿಕ್ಕದೇ?

ಪ್ರಶ್ನೆ

ಮದುವೆಯಾಗಿ ಹತ್ತು ವರ್ಷ ತುಂಬುವ ಸಂದರ್ಭಕ್ಕೆಂದು ಮೆಡಿಟರೇನಿಯನ್ ಸಮುದ್ರದಲ್ಲಿ ಏಳು ರಾತ್ರಿಗಳ ಕ್ರೂಸ್‌ಗೆ ಹೋಗಲು ನಾನೂ ನನ್ನ ಪತಿಯೂ ನಿಶ್ಚಯಿಸಿದ್ದೇವೆ. ಹೋಗುವುದು ಖಚಿತ, ಆದರೆ ಯಾವ ಹಡಗಿನಲ್ಲಿ ಎಂಬ ಬಗ್ಗೆ ಎರಡು ತಿಂಗಳಿಂದ ನಮ್ಮಿಬ್ಬರಲ್ಲಿ ಒಮ್ಮತವಿಲ್ಲ. ಒಂದು, ಐದು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ದೈತ್ಯ ಹಡಗು. ಇನ್ನೊಂದು, ಮುನ್ನೂರು ಜನರಷ್ಟೇ ಇರುವ ಚಿಕ್ಕ ಹಡಗು. ಗದ್ದಲವೆಂದರೆ ಆಗದ, ಒಂದು ಪುಸ್ತಕವಿದ್ದರೆ ದಿನವಿಡೀ ಕುಳಿತುಬಿಡುವ ನನ್ನ ಪತಿಗೆ ಚಿಕ್ಕದೇ ಬೇಕು. ನನಗೆ ಸಂಜೆಯ ಹೊತ್ತು ಸಂಗೀತ, ನಾಟಕ, ನಾಲ್ಕು ಜನರ ಓಡಾಟ ಇರಬೇಕು. ಮಕ್ಕಳು ನಮ್ಮ ಜೊತೆ ಬರುತ್ತಿಲ್ಲ. ಎರಡೂ ಬಗೆಯ ಹಡಗುಗಳಲ್ಲಿ ಜೋಡಿಯಾಗಿ ಪ್ರಯಾಣಿಸಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ನಾವಿಬ್ಬರೂ ಎರಡು ಬಗೆಯ ಹಡಗುಗಳಲ್ಲಿಯೂ ಹೋಗಿ ಬಂದಿದ್ದೇವೆ. ನಾನು ದೊಡ್ಡ ಹಡಗಿನ ಪರವಾಗಿಯೇ ಮಾತನಾಡುತ್ತೇನೆ, ಆದರೆ ಅದಕ್ಕೆ ನನ್ನ ಕಾರಣ ಜಾಹೀರಾತುಗಳಲ್ಲಿ ಕಾಣುವಂಥದ್ದಲ್ಲ. ಸಾವಿರಾರು ಜನರ ನಡುವೆ ನಿಮ್ಮನ್ನು ಯಾರೂ ಗುರುತಿಟ್ಟುಕೊಳ್ಳುವುದಿಲ್ಲ. ಬೇಕಾದಾಗ ಊಟಕ್ಕೆ ಹೋಗಬಹುದು, ಬೇಡವಾದಾಗ ಮಾಯವಾಗಬಹುದು. ಮುನ್ನೂರು ಜನರ ಹಡಗಿನಲ್ಲಿ ಮೂರನೆಯ ದಿನದ ಹೊತ್ತಿಗೆ ಎಲ್ಲರೂ ಎಲ್ಲರಿಗೂ ಪರಿಚಿತರು. ಅಲ್ಲಿ ನಾವು ಬೆಳಗಿನ ತಿಂಡಿಗೆ ಹೋಗದಿದ್ದ ದಿನ ಮಧ್ಯಾಹ್ನದೊಳಗೆ ನಾಲ್ಕು ಮಂದಿ, ಪಾಪ, ನಿಜವಾದ ಕಾಳಜಿಯಿಂದಲೇ, 'ಹುಷಾರಿಲ್ಲವೇ?' ಎಂದು ವಿಚಾರಿಸಿದ್ದರು. ಏಕಾಂತವನ್ನು ಅರಸಿ ಚಿಕ್ಕ ಹಡಗಿಗೆ ಹೋಗುವವರು ಇದನ್ನು ಮೊದಲೇ ಯೋಚಿಸುವುದು ಒಳ್ಳೆಯದು.

ಇನ್ನು ನಿಮ್ಮ ಪತಿಯವರ ಪುಸ್ತಕದ ಮಾತು. ದೊಡ್ಡ ಹಡಗುಗಳಲ್ಲಿ ಅನೇಕವು ವಯಸ್ಕರಿಗೆ ಮಾತ್ರ ಪ್ರವೇಶವಿರುವ ಒಂದು ಭಾಗವನ್ನು ಬೇರೆಯಾಗಿಯೇ ಇಟ್ಟಿರುತ್ತವೆ. ಕೆಲವು ಕಂಪನಿಗಳು ಅದಕ್ಕೆ ಪ್ರತ್ಯೇಕ ಶುಲ್ಕ ವಿಧಿಸುತ್ತವೆ, ವಿಚಾರಿಸಿಕೊಳ್ಳಿ. ಬಂದರಿನಲ್ಲಿ ನಿಂತ ದಿನ ಮುಕ್ಕಾಲುಪಾಲು ಜನ ಇಳಿದುಹೋದ ಮೇಲೆ ಆ ಹಡಗಿನಲ್ಲಿ ಇರುವಷ್ಟು ನಿಶ್ಶಬ್ದವನ್ನು ನಾನು ಗ್ರಂಥಾಲಯಗಳಲ್ಲಿಯೂ ಕಂಡಿಲ್ಲ.

ಕ್ಯಾಬಿನ್ ಆರಿಸುವಾಗ ಮಾತ್ರ ಡೆಕ್‌ಗಳ ನಕ್ಷೆಯನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಿ. ನಮ್ಮ ಮೊದಲ ಪ್ರಯಾಣದಲ್ಲಿ ದುಡ್ಡು ಹೆಚ್ಚು ಕೊಟ್ಟು ಎತ್ತರದ ಡೆಕ್ಕಿನಲ್ಲಿ ಬಾಲ್ಕನಿಯುಳ್ಳ ಕ್ಯಾಬಿನ್ ಹಿಡಿದಿದ್ದೆವು, ಅದು ಸರಿಯಾಗಿ ಈಜುಕೊಳದ ಡೆಕ್ಕಿನ ಕೆಳಗಿತ್ತು. ಬೆಳಗ್ಗೆ ಐದೂವರೆಗೆ ಸಿಬ್ಬಂದಿ ಒರಗು ಕುರ್ಚಿಗಳನ್ನು ಒಂದೊಂದಾಗಿ ಎಳೆದು ಸಾಲಾಗಿ ಜೋಡಿಸುವ ಕರಕರ ಸದ್ದು ನಮ್ಮ ತಲೆಯ ಮೇಲೆಯೇ ಆರಂಭವಾಗುತ್ತಿತ್ತು. ಮೇಲೂ ಕೆಳಗೂ ಬೇರೆ ಕ್ಯಾಬಿನ್‌ಗಳೇ ಇರುವ ಡೆಕ್ಕನ್ನು ಆರಿಸಿಕೊಳ್ಳಿ. ಪಕ್ಕದ ಕ್ಯಾಬಿನ್ನಿಗೆ ನಡುಬಾಗಿಲು ಇರುವಂಥದ್ದನ್ನೂ ಬಿಡಿ, ಆ ಬಾಗಿಲಿನ ಮೂಲಕ ಆಚೆಯವರ ಸಂಸಾರವೆಲ್ಲ ಕೇಳಿಸುತ್ತದೆ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದರಲ್ಲಿ ಸತ್ಯವಿದೆ, ಆದರೂ ಅವರು ಹಡಗಿನ ಒಳಗಿನ ಮಾತನ್ನಷ್ಟೇ ಆಡಿದ್ದಾರೆ. ಮೆಡಿಟರೇನಿಯನ್‌ನಲ್ಲಿ ಹಡಗಿನ ಗಾತ್ರವೇ ನೀವು ಏನನ್ನು ನೋಡುತ್ತೀರಿ ಎಂಬುದನ್ನು ತೀರ್ಮಾನಿಸುತ್ತದೆ. ವೆನಿಸ್‌ನ ಉದಾಹರಣೆಯನ್ನೇ ತೆಗೆದುಕೊಳ್ಳಿ. 25,000 ಗ್ರಾಸ್ ಟನ್ನೇಜ್ ಮೀರಿದ ಅಥವಾ 180 ಮೀಟರಿಗಿಂತ ಉದ್ದವಾದ ಹಡಗುಗಳು ಸೇಂಟ್ ಮಾರ್ಕ್ಸ್ ಚೌಕದ ಮುಂದಿನ ನೀರಿನಲ್ಲಿಯೂ ಜುಡೆಕ್ಕಾ ಕಾಲುವೆಯಲ್ಲಿಯೂ ಸಾಗುವುದನ್ನು ಇಟಲಿ ಸರ್ಕಾರ 2021ರ ಆಗಸ್ಟ್ 1ರಿಂದ ನಿಷೇಧಿಸಿದೆ. ಹೀಗಾಗಿ ಪಟ್ಟಿಯಲ್ಲಿ 'ವೆನಿಸ್' ಎಂದು ಬರೆದಿದ್ದರೂ ದೊಡ್ಡ ಹಡಗು ಮರ್ಗೇರಾದ ಕೈಗಾರಿಕಾ ಬಂದರಿನಲ್ಲಿ ನಿಲ್ಲಬಹುದು, ಇಲ್ಲವೇ ನಿಮ್ಮನ್ನು ರವೆನ್ನಾದಲ್ಲಿಯೋ ಟ್ರಿಯೆಸ್ಟೆಯಲ್ಲಿಯೋ ಇಳಿಸಬಹುದು. ಅಲ್ಲಿಂದ ಮುಂದಕ್ಕೆ ಬಸ್ಸೇ ಗತಿ. ಗ್ರೀಸ್‌ನ ಕೊರಿಂತ್ ಕಾಲುವೆ ಅತಿ ಕಿರಿದಾದಲ್ಲಿ 21 ಮೀಟರಿಗಿಂತ ತುಸು ಮಾತ್ರ ಅಗಲ. 2019ರ ಅಕ್ಟೋಬರಿನಲ್ಲಿ 195 ಮೀಟರ್ ಉದ್ದದ ಬ್ರೇಮಾರ್ ಎಂಬ ಹಡಗು ಅದನ್ನು ದಾಟಿದ್ದೇ ದೊಡ್ಡ ಸುದ್ದಿಯಾಗಿತ್ತು. ನೀವು ಹೇಳುತ್ತಿರುವ ದೈತ್ಯ ಹಡಗುಗಳಿಗೆ ಆ ದಾರಿಯ ಕನಸೂ ಬೀಳುವಂತಿಲ್ಲ.

ಸಾಂಟೊರಿನಿಯಂಥ ಕಡೆ ಹಡಗು ದೊಡ್ಡದಿರಲಿ ಚಿಕ್ಕದಿರಲಿ ಸಮುದ್ರದಲ್ಲಿಯೇ ನಿಲ್ಲುತ್ತದೆ, ಜನರನ್ನು ದೋಣಿಗಳಲ್ಲಿ ದಡಕ್ಕೆ ಸಾಗಿಸುತ್ತಾರೆ. ಅಲ್ಲಿಂದ ಬೆಟ್ಟದ ಮೇಲಿನ ಊರಿಗೆ ಹೋಗಲು ಕೇಬಲ್ ಕಾರ್, ಅಥವಾ ಐನೂರಕ್ಕೂ ಹೆಚ್ಚು ಮೆಟ್ಟಿಲು. ದೋಣಿಗಾಗಿ ಒಂದು ಸರದಿ, ಕೇಬಲ್ ಕಾರಿಗಾಗಿ ಇನ್ನೊಂದು, ವಾಪಸು ಬರುವಾಗ ಮತ್ತೆ ಅವೇ ಎರಡು. ದೊಡ್ಡ ಹಡಗಿನಿಂದ ಹೋದಾಗ ನಮಗೆ ಸಿಕ್ಕಿದ ದೋಣಿಯ ಚೀಟಿಯಲ್ಲಿ ಸರದಿ ಸಂಖ್ಯೆ 23 ಎಂದಿತ್ತು. ಥಿಯೇಟರಿನ ಕುರ್ಚಿಯಲ್ಲಿ ಆ ಚೀಟಿ ಹಿಡಿದು ಕುಳಿತ ಒಂದೂಮುಕ್ಕಾಲು ಗಂಟೆಯಲ್ಲಿ ನನ್ನ ಪತ್ನಿ ನನ್ನೊಡನೆ ಆಡಿದ ಮಾತು ಹೆಚ್ಚೆಂದರೆ ಎರಡು. ಚಿಕ್ಕ ಹಡಗಿನಿಂದ ಅದೇ ದ್ವೀಪಕ್ಕೆ ಹೋದಾಗ ತಿಂಡಿ ಮುಗಿಸಿ ನೇರವಾಗಿ ದೋಣಿ ಹತ್ತಿದೆವು.

ಹಾಗೆಂದು ಚಿಕ್ಕದೆಲ್ಲ ವಿಶಾಲವೆಂದು ನಂಬಬೇಡಿ. ಗ್ರಾಸ್ ಟನ್ನೇಜ್ ಎಂಬುದು ತೂಕವಲ್ಲ, ಹಡಗಿನ ಒಳಗಿನ ಒಟ್ಟು ಅವಕಾಶದ ಅಳತೆ. ಅದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲಾ ಎಷ್ಟು ಜಾಗ ಎಂಬ ಅಂದಾಜು ಸಿಗುತ್ತದೆ. 2024ರಲ್ಲಿ ಯಾನ ಆರಂಭಿಸಿದ ಐಕಾನ್ ಆಫ್ ದ ಸೀಸ್ ಸುಮಾರು 2,48,000 ಟನ್ನೇಜಿನದು, ಕ್ಯಾಬಿನ್ನಿಗೆ ಇಬ್ಬರಂತೆ 5,610 ಜನ; ಭಾಗಿಸಿದರೆ 44. ಸುಮಾರು 450 ಜನರನ್ನು ಒಯ್ಯುವ ಸೀಬರ್ನ್ ಕ್ವೆಸ್ಟ್‌ಗೆ ಅದು 70ರ ಆಸುಪಾಸು. ಆದರೆ 227 ಜನರ ರಾಯಲ್ ಕ್ಲಿಪರ್ ಎಂಬ ಐದು ಕೂವೆಗಳ ಸುಂದರ ಹಾಯಿಹಡಗಿಗೆ 20ರ ಸುಮಾರು ಅಷ್ಟೇ. ದೈತ್ಯ ಹಡಗುಗಳಲ್ಲಿ ಮಕ್ಕಳ ರಜೆಯ ಕಾಲಕ್ಕೆ ಒಂದೊಂದು ಕ್ಯಾಬಿನ್ನಿನಲ್ಲಿ ಮೂವರು, ನಾಲ್ವರು ತುಂಬುವುದರಿಂದ 44 ಕೂಡ ಉಳಿಯುವುದಿಲ್ಲ. ಐಕಾನ್‌ನಂಥ ಹಡಗಿನಲ್ಲಿ ಆಗ ಏಳು ಸಾವಿರ ದಾಟಲು ಅವಕಾಶವಿದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಭಾಗಾಕಾರದ ಲೆಕ್ಕ ನನ್ನ ಪತಿಗೆ ಬಹಳ ಹಿಡಿಸಿತು, ನೆನ್ನೆಯಿಂದ ಸಿಕ್ಕ ಹಡಗನ್ನೆಲ್ಲ ಭಾಗಿಸುತ್ತಿದ್ದಾರೆ. ಒಂದು ವಿಷಯವನ್ನು ಬರೆಯಲು ಮರೆತಿದ್ದೆ. ಬೆಟ್ಟದ ರಸ್ತೆಯಲ್ಲಿ ಬಸ್ಸು ತಿರುಗಿದರೂ ನನಗೆ ವಾಕರಿಕೆ ಬರುತ್ತದೆ. ಚಿಕ್ಕ ಹಡಗು ಹೆಚ್ಚು ಅಲ್ಲಾಡುತ್ತದೆ ಎನ್ನುತ್ತಾರಲ್ಲ, ಅದು ಎಷ್ಟರಮಟ್ಟಿಗೆ ನಿಜ?

ಮೂರನೆಯ ಉತ್ತರ

ನಿಜ, ಆದರೆ ಪೂರ್ತಿಯಾಗಿ ಅಲ್ಲ. ಹಡಗು ಎಡಕ್ಕೂ ಬಲಕ್ಕೂ ಹೊರಳುವುದು ಒಂದು, ಮುಂಭಾಗ ಏರಿ ಇಳಿಯುವುದು ಇನ್ನೊಂದು. ಇಂದಿನ ಕ್ರೂಸ್ ಹಡಗುಗಳು ಸಾಮಾನ್ಯವಾಗಿ ನೀರಿನಡಿಯಲ್ಲಿ ರೆಕ್ಕೆಯಂತೆ ಚಾಚುವ ಸ್ಟೆಬಿಲೈಸರ್‌ಗಳನ್ನು ಹೊಂದಿರುತ್ತವೆ. ಅವು ಮೊದಲನೆಯದನ್ನು ಬಹಳಮಟ್ಟಿಗೆ ತಗ್ಗಿಸುತ್ತವೆ, ಎರಡನೆಯದಕ್ಕೆ ಅವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಉದ್ದನೆಯ ಹಡಗು ಏಕಕಾಲಕ್ಕೆ ಹಲವು ಅಲೆಗಳ ಮೇಲೆ ಚಾಚಿಕೊಂಡಿರುವುದರಿಂದ ಈ ಏರಿಳಿತ ಅದರಲ್ಲಿ ಕಡಿಮೆ. ಯಾವ ಹಡಗಿನಲ್ಲಾದರೂ ಉದ್ದದ ನಟ್ಟನಡುವೆ, ಕೆಳಗಿನ ಡೆಕ್ಕಿನಲ್ಲಿ ಕ್ಯಾಬಿನ್ ಹಿಡಿಯಿರಿ. ಎಳೆಯ ಮಕ್ಕಳ ಏತದ ಹಲಗೆಯ ಮಧ್ಯದಲ್ಲಿ ಕುಳಿತವರಿಗೂ ತುದಿಯಲ್ಲಿ ಕುಳಿತವರಿಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇರುವುದು. ನಿಮ್ಮ ದಾರಿ ಏಜಿಯನ್ ಸಮುದ್ರದ್ದಾದರೆ ಜುಲೈ, ಆಗಸ್ಟ್ ತಿಂಗಳುಗಳನ್ನು ತಪ್ಪಿಸಲು ಸಾಧ್ಯವೇ ನೋಡಿ. ಆಗ ಉತ್ತರದಿಂದ ಮೆಲ್ಟೆಮಿ ಎಂಬ ಗಾಳಿ ದಿನಗಟ್ಟಲೆ ಬೀಸುತ್ತದೆ. ಹಡಗು ತಡೆದುಕೊಂಡರೂ ದಡಕ್ಕೊಯ್ಯುವ ದೋಣಿಗಳನ್ನು ಇಳಿಸಲಾಗದೆ ಒಂದು ದ್ವೀಪವೇ ಪಟ್ಟಿಯಿಂದ ಹಾರಿಹೋಗಬಹುದು. ವಾಕರಿಕೆಯ ಮಾತ್ರೆಯನ್ನು ವೈದ್ಯರನ್ನು ಕೇಳಿ ಹೊರಡುವ ಮೊದಲೇ ತಂದಿಟ್ಟುಕೊಳ್ಳಿ. ವಾಕರಿಕೆ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ.

ಇದೇ ಸಂಬಂಧದಲ್ಲಿ ಹೆಚ್ಚು ಜನ ಕೇಳದ ಪ್ರಶ್ನೆಯೊಂದಿದೆ: ಹಡಗಿನಲ್ಲಿ ವೈದ್ಯರಿದ್ದಾರೆಯೇ? ಮೂರು ದಿನ ಮೀರಿದ ಅಂತಾರಾಷ್ಟ್ರೀಯ ಯಾನಗಳಲ್ಲಿ ನೂರು ಅಥವಾ ಹೆಚ್ಚು ಜನರನ್ನು ಒಯ್ಯುವ ಹಡಗಿನಲ್ಲಿ ಅರ್ಹ ವೈದ್ಯರಿರಬೇಕೆಂಬ ನಿಯಮ 2006ರ ಸಾಗರ ಕಾರ್ಮಿಕ ಒಪ್ಪಂದದಲ್ಲಿದೆ. ಮುನ್ನೂರು ಜನರ ಹಡಗು ಅದರೊಳಗೆ ಬರುತ್ತದೆ. ಐವತ್ತು, ಅರವತ್ತು ಜನರ ಪುಟ್ಟ ಹಡಗುಗಳತ್ತ ಮನಸ್ಸು ವಾಲಿದರೆ ಮಾತ್ರ ಇದನ್ನು ಬಾಯಿಬಿಟ್ಟು ಕೇಳಬೇಕು.

ಎರಡನೆಯ ಉತ್ತರ ಬರೆದವರಿಂದ ಮತ್ತೆ

ಸಂಜೆಯ ಸಂಗೀತದ ಬಗ್ಗೆ ನಾನು ಏನೂ ಹೇಳಲಿಲ್ಲ, ಹೇಳುವುದೂ ಹೆಚ್ಚಿಲ್ಲ. ಚಿಕ್ಕ ಹಡಗಿನಲ್ಲಿ ಒಬ್ಬ ಪಿಯಾನೋ ವಾದಕರು, ಒಬ್ಬಿಬ್ಬರು ಗಾಯಕರು, ಅಷ್ಟೇ. ಹತ್ತೂವರೆಗೆ ದೀಪಗಳು ಮಂದವಾಗುತ್ತವೆ. ಆದರೆ ಅನೇಕ ಚಿಕ್ಕ ಹಡಗುಗಳು ಬಂದರಿನಲ್ಲಿ ರಾತ್ರಿ ತಡವಾಗಿ, ಕೆಲವೊಮ್ಮೆ ಮರುದಿನದವರೆಗೆ ನಿಲ್ಲುತ್ತವೆ. ದೊಡ್ಡ ಹಡಗು ಸಾಮಾನ್ಯವಾಗಿ ಸಂಜೆ ಐದಾರು ಗಂಟೆಗೆ ಹೊರಟುಬಿಡುತ್ತದೆ. ನೀವು ಬಯಸುವ ಸಂಗೀತವೂ ಜನರ ಓಡಾಟವೂ ಊರಿನ ಚೌಕದಲ್ಲಿ ಆರಂಭವಾಗುವುದು ಅದಾದ ಮೇಲೆ. ಎರಡೂ ಹಡಗುಗಳ ವೇಳಾಪಟ್ಟಿಯಲ್ಲಿ ಪ್ರತಿ ಬಂದರಿನಿಂದ ಹೊರಡುವ ಸಮಯವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

ಪ್ರಶ್ನೆ ಕೇಳಿದವರಿಂದ

ನೋಡಿದೆವು. ಚಿಕ್ಕ ಹಡಗು ಆರರಲ್ಲಿ ಮೂರು ಬಂದರುಗಳಿಂದ ರಾತ್ರಿ ಹನ್ನೊಂದರ ನಂತರ ಹೊರಡುತ್ತದೆ. ಸೆಪ್ಟೆಂಬರ್ ಕೊನೆಯ ವಾರಕ್ಕೆ, ಮೂರನೆಯ ಡೆಕ್ಕಿನ ನಡುಭಾಗದಲ್ಲಿ, ಬಾಲ್ಕನಿಯಿಲ್ಲದ ಕ್ಯಾಬಿನ್ ಕಾದಿರಿಸಲು ಹೇಳಿದ್ದೇವೆ. ಬಾಲ್ಕನಿ ಬಿಡುವುದಕ್ಕೆ ನನ್ನ ಪತಿ ಇನ್ನೂ ಪೂರ್ತಿ ಒಪ್ಪಿಲ್ಲ.