ಅಪ್ಪನ ಪಾರಿಜಾತದ ಟೇಪ್‌ಗಳಿಗೆ ಬೂಷ್ಟು ಹಿಡಿದಿದೆ, ಏನು ಮಾಡಲಿ?

ನವನಗರದವ:
ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ಅಪ್ಪ ಮದುವೆ ವಿಡಿಯೊ ತೆಗೆಯುತ್ತಿದ್ದರು. ಮದುವೆ ಇಲ್ಲದ ದಿನ ಶ್ರೀಕೃಷ್ಣ ಪಾರಿಜಾತ ಬಯಲಾಟ ಎಲ್ಲಿ ಆಡುತ್ತಾರೋ ಆ ಊರಿಗೆ ಕ್ಯಾಮೆರಾ ಹೊತ್ತು ಹೋಗಿಬಿಡುತ್ತಿದ್ದರು. ಅದರಿಂದ ಒಂದು ರೂಪಾಯಿ ಹುಟ್ಟಲಿಲ್ಲ, ಅವ್ವನ ಬೈಗುಳ ಬಿಟ್ಟರೆ. ಈಗ ಅಪ್ಪ ಇಲ್ಲ. ಟ್ರಂಕಿನಲ್ಲಿ 14 ಮಿನಿಡಿವಿ (ಕ್ಯಾಮೆರಾದ ಸಣ್ಣ ಕ್ಯಾಸೆಟ್), 3 ವಿಎಚ್‌ಎಸ್ (ದೊಡ್ಡ ವಿಡಿಯೊ ಕ್ಯಾಸೆಟ್) ಸಿಕ್ಕಿವೆ. ಒಂದು ವಿಎಚ್‌ಎಸ್‌ನಲ್ಲಿ ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಮುಂಚಿನ ನಮ್ಮ ಓಣಿ ಇದೆ. ಅದರೊಳಗೇ ಬಿಳಿ ಪುಡಿ ಕಾಣುತ್ತಿದೆ.

ಒಮ್ಮೆ ಪೆಟ್ಟು ತಿಂದಿದ್ದೇನೆ. ಒಂದು ಮಿನಿಡಿವಿಯನ್ನು ಅಂಗಡಿಗೆ ಕೊಟ್ಟೆ, ಡಿವಿಡಿ ಬಂತು. ಅದರಲ್ಲಿ ಆಟದ ಕೊರವಂಜಿ ಕೈ ಬೀಸಿದರೆ ಬೆರಳೆಲ್ಲ ಬಾಚಣಿಗೆ ಹಲ್ಲಾಗುತ್ತವೆ. ಟೇಪ್ ವಾಪಸ್ ಕೇಳಿದರೆ, "ಇನ್ಯಾಕೆ? ಎಸೆದೆವು" ಅಂದರು. ಉಳಿದವನ್ನಾದರೂ ಉಳಿಸಬೇಕು.

ವಿಜಯಪುರದ ಹಳೇ ಮೆಕ್ಯಾನಿಕ್:
ತಮ್ಮಾ, ಆ ಪುಡಿ ಹಿಡಿದ ಟೇಪನ್ನು ವಿಸಿಆರ್‌ಗೆ, ಅಂದರೆ ಕ್ಯಾಸೆಟ್ ಓಡಿಸುವ ಯಂತ್ರಕ್ಕೆ, ಹಾಕಲೇಬೇಡ. ಬೂಷ್ಟು ಟೇಪ್ ಓದುವ ಹೆಡ್‌ಗೆ ಮೆತ್ತಿ, ಮುಂದೆ ಹಾಕುವ ಟೇಪಿಗೂ ಅಂಟುತ್ತದೆ. ಬೇರೆ ಚೀಲದಲ್ಲಿ ಒಣ ಜಾಗದಲ್ಲಿಡು. ಮಿನಿಡಿವಿ ಬೆನ್ನಿನ ಸಣ್ಣ ಗುಂಡಿಯನ್ನು 'ಸೇವ್' ಕಡೆ ಸರಿಸು. ವಿಎಚ್‌ಎಸ್ ಮೂಲೆಯ ಪ್ಲಾಸ್ಟಿಕ್ ಚೂರು ಮುರಿ. ಇಲ್ಲದಿದ್ದರೆ ಕೈತಪ್ಪಿ ರೆಕಾರ್ಡ್ ಒತ್ತಿದರೆ ಮುಗೀತು. ವಿಸಿಆರ್ ಇದ್ದರೆ ಗುಜರಿಗೆ ಹಾಕಬೇಡ. ಜಪಾನಿನ ಫುನೈ ಕಂಪನಿ ಕೂಡ 2016ರಲ್ಲಿ ಅದರ ತಯಾರಿಕೆ ನಿಲ್ಲಿಸಿತು.

ಬೆಳಗಾವಿ ಎಡಿಟರ್:
ಮಿನಿಡಿವಿಯಲ್ಲಿ ಇರುವುದೇ ಡಿಜಿಟಲ್. ಹಳದಿ-ಕೆಂಪು ವೈರ್ ಬೇಡ, ಕ್ಯಾಮೆರಾದಿಂದ ಕಂಪ್ಯೂಟರ್‌ಗೆ ಡಿಜಿಟಲ್ ಆಗಿಯೇ ಕಳಿಸುವ ಫೈರ್‌ವೈರ್ ಕೇಬಲ್‌ನಿಂದಲೇ ತೆಗೆಯಿರಿ. ಟೇಪಿನಲ್ಲಿದ್ದದ್ದು ಇದ್ದ ಹಾಗೇ ಬರುತ್ತದೆ, ಗಂಟೆಗೆ ಸುಮಾರು 13 ಜಿಬಿ. ಕಂಪ್ಯೂಟರ್‌ನಲ್ಲಿ ಲಿನಕ್ಸ್ ಇದ್ದರೆ ಡಿವಿಗ್ರ್ಯಾಬ್ ಎಂಬ ತಂತ್ರಾಂಶ ಸಾಕು.

ಬಾಚಣಿಗೆಯ ವಿಷಯ: ಆ ಕ್ಯಾಮೆರಾಗಳು ಸೆಕೆಂಡಿಗೆ 50 ಅರ್ಧ ಚಿತ್ರ ತೆಗೆಯುತ್ತಿದ್ದವು. ಒಮ್ಮೆ ಬೆಸ ಗೆರೆ, ಒಮ್ಮೆ ಸಮ ಗೆರೆ. ಎರಡನ್ನೂ ಸುಮ್ನೆ ಜೋಡಿಸಿದರೆ ಹಾಗೆ ಕಾಣುತ್ತದೆ. ಮೂಲ ಫೈಲನ್ನು ಮುಟ್ಟಬೇಡಿ, ನೋಡಲು ಆ ಗೆರೆ ಸರಿಪಡಿಸಿದ ಬೇರೆ ಎಂಪಿ4 ಮಾಡಿಕೊಳ್ಳಿ. ವಿಎಚ್‌ಎಸ್ ಅನ್ನು ಫೈಲ್ ಮಾಡಿ ಉಳಿಸಲು ಎಫ್‌ಎಫ್‌ವಿ1 ಎಂಬ ವಿಡಿಯೊ ಕುಗ್ಗಿಸುವ ವಿಧಾನ ಒಳ್ಳೆಯದು, ಕುಗ್ಗಿಸಿದರೂ ಏನೂ ಕಳೆಯುವುದಿಲ್ಲ. ಮೂರು ಪ್ರತಿ ಇಡಿ, ಒಂದು ಬೇರೆ ಊರಲ್ಲಿರಲಿ. ಟೇಪನ್ನಂತೂ ಎಸೆಯಬೇಡಿ.

ಇನ್ನೊಂದು, ನನಗೆ ಇದೇ ಜಾಸ್ತಿ ಮುಖ್ಯ. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಭಾಮೆ ಯಾರು, ದೂತಿ ಯಾರು, ಯಾವ ಊರು, ಎಲ್ಲ ಬರೆದಿಡಿ. ಇಪ್ಪತ್ತು ವರ್ಷದ ನಂತರ 'ಟೇಪ್ 7' ಅಂದರೆ ಯಾರಿಗೆ ಗೊತ್ತಾಗುತ್ತದೆ?

ನವನಗರದವ:
ಅವ್ವ ಕವರ್ ಮೇಲಿನ ಅಪ್ಪನ ಅಕ್ಷರ ಓದಿಸಿಕೊಂಡು ನಕ್ಕಳು: "ಭಾಮೆ, ಅರ್ಧ. ಬ್ಯಾಟರಿ ಹೋಯಿತು."

ಕಾಕಾ, ಅಪ್ಪನ ಕ್ಯಾಮೆರಾ ಮನೆಯಲ್ಲೇ ಇದೆ. ಟೇಪ್ ಹಾಕುವ ಬಾಗಿಲು ಬಿಗಿದುಕೊಂಡಿದೆ, ಒಳಗೊಂದು ಕ್ಯಾಸೆಟ್ ಸಿಕ್ಕಿಕೊಂಡಿದೆ. ಭಾನುವಾರ ವಿಜಯಪುರಕ್ಕೆ ತರಲಾ?